ಬಹುವಚನದ ಹುಕುಂ

ಮಾರ್ಚ್ 3, ಸೋಮವಾರ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಕಾಗುಣಿತವೂ ತಪ್ಪುತ್ತದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಎಲ್ಲಿ ಒತ್ತು ಕೊಡಬೇಕು, ಎಲ್ಲಿ ಕೊಡಬಾರದು ಎಂಬುದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಇದನ್ನು ಓದುವವರು ಯಾರೂ ಇಲ್ಲವಾದ್ದರಿಂದ ಕ್ಷಮೆಯನ್ನು ಹಾಳೆಯ ಹತ್ತಿರವೇ ಕೇಳಿಕೊಳ್ಳುತ್ತೇನೆ.

ಜೈಲಿಗೆ ಹೊಸ ಮೇಡಂ ಬಂದಿದ್ದಾರೆ. ನಿನ್ನೆ ನಮ್ಮನ್ನೆಲ್ಲ ಅಂಗಳದಲ್ಲಿ ಕೂರಿಸಿ, ಅಕ್ಷರ ಬಲ್ಲವರು ಕೈ ಎತ್ತಿ ಎಂದರು. ನಾನು ಎತ್ತಲಿಲ್ಲ. ಪಕ್ಕದಲ್ಲಿದ್ದ ಸೂಲಗಿತ್ತಿ ಅಕ್ಕ ನನ್ನ ಕೈಯನ್ನು ತಾನೇ ಹಿಡಿದು ಮೇಲೆತ್ತಿದಳು. "ಇವಳಿಗೆ ಬರುತ್ತೆ ಮೇಡಂ. ಮಾತು ಬರಲ್ಲ, ಅಕ್ಷರ ಬರುತ್ತೆ." ಎಲ್ಲರೂ ನಕ್ಕರು. ಇಲ್ಲಿ ನನಗೆ ಮೂಗಿ ಎಂದೇ ಹೆಸರು. ಮೇಡಂ ಒಂದು ಪುಸ್ತಕ, ಒಂದು ಪೆನ್ಸಿಲ್ಲು ಕೊಟ್ಟು, "ಮನಸ್ಸಿಗೆ ಬಂದದ್ದು ಬರೆಯಿರಿ, ಯಾರೂ ನೋಡುವುದಿಲ್ಲ" ಎಂದರು. ಇಲ್ಲಿ ಯಾರೂ ನೋಡದೆ ಇರುವಂಥದ್ದು ಇದೊಂದೇ.

ನಾವು ಕೆಲಸ ಮಾಡುವುದು ಕಂಬಳಿ ಶೆಡ್ಡಿನಲ್ಲಿ. ಒಂದು ಸಾಲು ಉಣ್ಣೆ ಹಿಂಜುತ್ತದೆ, ಒಂದು ಸಾಲು ನೂಲುತ್ತದೆ, ಹಿಂದಿನವರು ಮಗ್ಗದಲ್ಲಿ ನೇಯುತ್ತಾರೆ. ನಾನು ಮತ್ತು ಅಕ್ಕ ಹಿಂಜುವವರು. ಎಷ್ಟು ಕೈ ತೊಳೆದರೂ ಊಟದಲ್ಲಿ ಕುರಿಯ ವಾಸನೆ. ಅಕ್ಕ ಹೊರಗೆ ಹೆರಿಗೆ ಮಾಡಿಸುತ್ತಿದ್ದಳು. ದೊಡ್ಡವರ ಮನೆಯೊಂದರಲ್ಲಿ ಬಾಣಂತಿ ಉಳಿಯಲಿಲ್ಲ, ತಪ್ಪು ಇವಳ ತಲೆಗೆ ಬಂತು. ನನ್ನ ತಲೆಗೆ ಬಂದದ್ದು ಗಂಡನ ತಪ್ಪು. ಅವನು ಕದ್ದು ತಂದಿಟ್ಟ ತಾಮ್ರದ ತಂತಿ ಮಂಚದಡಿ ಸಿಕ್ಕಿತು. ಅವನು ಸಿಗಲಿಲ್ಲ, ನಾನು ಸಿಕ್ಕೆ. ಮಗಳು ಪುಟ್ಟಿ ಅಣ್ಣ ಅತ್ತಿಗೆಯ ಮನೆಯಲ್ಲಿದ್ದಾಳೆ. ನಾನು ಬರುವಾಗ ಅವಳಿಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ.

ನಮ್ಮನ್ನು ಕಾಯುವವಳು ಸೀಟಿ. ಅವಳೂ ನಮ್ಮಂತೆ ಕೈದಿಯೇ. ನಡತೆ ಒಳ್ಳೆಯದೆಂದು ತೋಳಿಗೆ ನೀಲಿ ಪಟ್ಟಿ ಕಟ್ಟಿ ನಮ್ಮ ಮೇಲೆ ಬಿಟ್ಟಿದ್ದಾರೆ. ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆದರೆ ನಾವು ಏಳಬೇಕು, ಇನ್ನೊಮ್ಮೆ ಹೊಡೆದರೆ ಕೂರಬೇಕು. ಯಾರು ಮಾತಾಡಿದರು, ಯಾರು ಉಣ್ಣೆ ಕದ್ದರು ಎಂದು ಸಂಜೆ ಕಚೇರಿಗೆ ಹೋಗಿ ಹೇಳುತ್ತಾಳೆ. ಅವಳು ಹೋದ ದಾರಿಗೆ ನಾವೆಲ್ಲ ಉಗಿಯುತ್ತೇವೆ. ನಾನೂ ಉಗಿಯುತ್ತೇನೆ, ಸದ್ದಾಗದ ಹಾಗೆ.

ಮಾರ್ಚ್ 9, ಭಾನುವಾರ

ಅಣ್ಣ ಪುಟ್ಟಿಯನ್ನು ಕರೆದುಕೊಂಡು ಬಂದಿದ್ದ. ನಡುವೆ ಎರಡು ಜಾಲರಿ. ಅವುಗಳ ನಡುವೆ ಒಬ್ಬ ಕಾವಲಿನವಳು ನಡೆಯುವಷ್ಟು ಜಾಗ. ಪುಟ್ಟಿಗೆ ಎರಡು ಜಡೆ ಹಾಕಿದ್ದರು. ಎಷ್ಟು ಚೆನ್ನಾಗಿ ಮಾತಾಡುತ್ತಾಳೆ!

"ಯಾರು ನೋಡು ಪುಟ್ಟಿ, ಹೇಳು, ಯಾರಿದು?" ಎಂದ ಅಣ್ಣ.

ಅವಳು ನನ್ನನ್ನೇ ನೋಡಿ, "ಅತ್ತೆ" ಎಂದಳು.

ಅಣ್ಣ ನಗಾಡಿದ. "ನಮ್ಮ ಹುಡುಗರು ನಿನ್ನನ್ನ ಅತ್ತೆ ಅಂತಾರಲ್ಲ, ಕೇಳಿ ಕೇಳಿ ಕಲ್ತುಬಿಟ್ಟಿದಾಳೆ ಕಣೇ. ಮಗು ಅಲ್ವಾ." ಹಾಗಾದರೆ ಅತ್ತಿಗೆಯನ್ನು ಏನೆನ್ನುತ್ತಾಳೆ ಎಂದು ನಾನು ಕೇಳಲಿಲ್ಲ. ಕೇಳುವುದೇನಿದೆ?

ಶೆಡ್ಡಿಗೆ ಬಂದು ಉಣ್ಣೆ ಹಿಂಜಿದೆ. ಅಕ್ಕ ನನ್ನ ಕೈ ನೋಡಿ, "ಅದು ಉಣ್ಣೆ ಕೂಸೇ, ನಿನ್ನ ಅತ್ತಿಗೆ ಕೂದಲಲ್ಲ. ನಿಧಾನ" ಎಂದಳು. ಅಳು ಬರುವಾಗಲೇ ನಗಿಸುತ್ತಾಳೆ, ಹಾಳು ಹೆಂಗಸು.

ಸೀಟಿ ಈ ತಿಂಗಳ ಕೊನೆಗೆ ಬಿಡುಗಡೆಯಾಗುತ್ತಾಳಂತೆ. ಅವಳ ಶಿಕ್ಷೆ ಇನ್ನೂ ಉಳಿದಿತ್ತು. ಪಟ್ಟಿ ಕಟ್ಟಿದವರಿಗೆ ಶಿಕ್ಷೆಯಲ್ಲಿ ತಿಂಗಳು ತಿಂಗಳೂ ಇಷ್ಟು ಎಂದು ಕಳೆಯುತ್ತಾರೆ, ಅದಕ್ಕೆ ಮಾಫಿ ಎಂದು ಹೆಸರು. ನಮಗೂ ಇದೆ, ಆದರೆ ಚೂರುಪಾರು. ಆ ಪಟ್ಟಿ ಇನ್ನು ಯಾರಿಗೋ ಎಂದು ಎಲ್ಲರೂ ಮಾತಾಡಿಕೊಂಡರು. ಯಾರಿಗೆ ಬಂದರೂ ಅವಳ ಮುಖಕ್ಕೆ ಉಗಿಯಬೇಕು ಎಂದು ಮಾತಾಯಿತು. ನಾನೂ ತಲೆಯಾಡಿಸಿದೆ.

ಮಾರ್ಚ್ 18, ಮಂಗಳವಾರ

ಇವತ್ತಿನಷ್ಟು ನಗು ಈ ಗೋಡೆಗಳ ಒಳಗೆ ನಾನು ಕೇಳಿರಲಿಲ್ಲ.

ಹೊಸ ಮೇಡಂ ಹುಕುಂ ಹೊರಡಿಸಿದ್ದಾರೆ. ಇನ್ನು ಮೇಲೆ ಕೈದಿಗಳನ್ನು ನಂಬರಿನಿಂದ ಕೂಗಬಾರದು. ಲೇ, ಏ, ಬಾರೇ, ಹೋಗೇ ಎನ್ನಬಾರದು. "ಪ್ರತಿಯೊಬ್ಬರನ್ನೂ ಬಹುವಚನದಿಂದಲೇ ಮಾತನಾಡಿಸತಕ್ಕದ್ದು." ಮರ್ಯಾದೆ ಕೊಟ್ಟರೆ ಮನುಷ್ಯರು ಮರ್ಯಾದಸ್ಥರಾಗುತ್ತಾರಂತೆ. ಕಾವಲಿನವರಿಗೂ ಇದೇ, ಪಟ್ಟಿಯವರಿಗೂ ಇದೇ.

ನಮ್ಮ ವಾರ್ಡರಮ್ಮ ಮುದುಕಿ. ಅವಳ ತಾಯಿಯೂ ಇಲ್ಲೇ ವಾರ್ಡರಾಗಿದ್ದಳಂತೆ. ಹುಕುಂ ಬಂದ ತಕ್ಷಣ ಅವಳು ಬಾಗಿಲಲ್ಲಿ ನಿಂತು ರೂಢಿಯಂತೆ, "ಏಳ್ರೇ ಕತ್ತೆಗಳಾ" ಎಂದಳು. ನಾಲಿಗೆ ಕಚ್ಚಿಕೊಂಡು, "ಎದ್ದೇಳ್ರೀ ಕತ್ತೆಗಳೇ" ಎಂದು ತಿದ್ದಿದಳು.

"ಬೈಗುಳಕ್ಕೂ ರೀ ಬಂತು. ಇನ್ನೇನು ಬೇಕು ಜೀವಕ್ಕೆ?" ಎಂದಳು ಸೂಲಗಿತ್ತಿ ಅಕ್ಕ.

ವಾರ್ಡರಮ್ಮನೂ ನಕ್ಕು, ಬಾಗಿಲಿಗೆ ಒರಗಿ ಕೂತಳು. "ನಮ್ಮಮ್ಮನ ಕಾಲದಲ್ಲಿ ಇಲ್ಲಿ ಹೆಂಗಸರ ತಲೆ ಬೋಳಿಸಿ, ಕೊರಳಿಗೆ ಮರದ ಬಿಲ್ಲೆ ಕಟ್ತಿದ್ರು. ಮಾತಾಡಿದ್ರೆ ಬಾಯಿಗೆ ಬಟ್ಟೆ. ಒಬ್ಬ ಸಾಹೇಬ ಬಂದ, ಪಾಪ ಅಂತ ಬೋಳಿಸೋದು ನಿಲ್ಸಿದ. ಹೇನು ಬಂತು. ಇನ್ನೊಬ್ಬ ಬಂದ, ಬಾಯಿ ಬಟ್ಟೆ ತೆಗೆಸಿದ. ಜಗಳ ಬಂತು. ಮತ್ತೊಬ್ಬ ಬಂದ, ಕೈದಿಗಳನ್ನ ಕೈದಿಗಳೇ ನೋಡ್ಕೊಳ್ಳಲಿ, ಜವಾಬ್ದಾರಿ ಕಲೀತಾರೆ ಅಂದ. ಪಟ್ಟಿ ಬಂತು. ಎಲ್ಲರೂ ಒಳ್ಳೆಯವರೇ. ಈಗ ಈಯಮ್ಮ. ಇವರಿಂದ ಏನು ಬರುತ್ತೋ."

ಸೀಟಿಗೆ ಮಾತ್ರ ನಗು ಬರಲಿಲ್ಲ. ಅವಳು ಜಡೆಯ ಹತ್ತಿರ ಹೋಗಿ, "ನೀವು ಸ್ವಲ್ಪ ಕೈ ಆಡಿಸ್ತೀರಾ?" ಎಂದಳು. ಜಡೆ ಎಂದರೆ ಸಂತೆಯಲ್ಲಿ ಜೇಬು ಕತ್ತರಿಸುತ್ತಿದ್ದ ಹುಡುಗಿ, ಸೊಂಟದವರೆಗೆ ಕೂದಲು, ಈಗ ಬಸುರಿ. ಜಡೆ ಎದ್ದು ನಿಂತು ಅರಸರಿಗೆ ಮಾಡುವಂತೆ ಬಾಗಿ, "ದಯಮಾಡಿಸಿ ಅಮ್ಮನವರೇ" ಎಂದಳು. ಸಂಜೆ ಅವಳ ಮಾಫಿಯಲ್ಲಿ ಒಂದಷ್ಟು ಹೋಯಿತು. ಬಹುವಚನದಲ್ಲೇ ಹೋಯಿತು.

ಮಾರ್ಚ್ 31, ಸೋಮವಾರ

ಪಟ್ಟಿ ನನಗೆ ಕೊಟ್ಟಿದ್ದಾರೆ.

ಮೇಡಂ ಕಚೇರಿಗೆ ಕರೆಸಿ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. "ನೀವು ಯಾರೊಡನೆಯೂ ಜಗಳವಾಡಿದವರಲ್ಲ. ಓದು ಬರಹ ಬರುತ್ತದೆ. ಕೆಟ್ಟ ಮಾತು ನಿಮ್ಮ ಬಾಯಲ್ಲಿ ಕೇಳಿಲ್ಲ ಎನ್ನುತ್ತಾರೆ" ಎಂದರು. ಯಾವ ಮಾತನ್ನೂ ಕೇಳಿಲ್ಲ ಎನ್ನುವುದು ಸರಿ. ಬೇಡ ಎನ್ನೋಣವೆಂದು ಬಾಯಿ ತೆರೆದೆ. ಆಗ ಅವರು, "ಮಗಳಿದ್ದಾಳಲ್ಲವೇ? ಇದರಿಂದ ಈ ವರ್ಷದೊಳಗೇ ಮನೆ ಸೇರಬಹುದು" ಎಂದರು. ಬಾಯಿ ಮುಚ್ಚಿದೆ.

ಶೆಡ್ಡಿಗೆ ಬಂದಾಗ ಎಲ್ಲರ ಕಣ್ಣೂ ನನ್ನ ತೋಳಿನ ಮೇಲೆ. ಯಾರೂ ಮುಖಕ್ಕೆ ಉಗಿಯಲಿಲ್ಲ. ಜಡೆ ಪಕ್ಕಕ್ಕೆ ಉಗಿದಳು. ಅಕ್ಕ ಪಟ್ಟಿಯ ಗಂಟು ಬಿಚ್ಚಿ, ಸಡಿಲವಾಗಿದೆಯೆಂದು ಬಿಗಿಯಾಗಿ ಕಟ್ಟಿದಳು. "ಊರ ನಾಯಿಗಿಂತ ನಮ್ಮನೆ ನಾಯಿ ವಾಸಿ, ಏನಂತೀರೇ?" ಎಂದು ಎಲ್ಲರನ್ನೂ ಕೇಳಿದಳು. ನಕ್ಕರು. ನನಗೆ ಹೇಳಿದ್ದು ಮಾತ್ರ ಬೇರೆ: "ಮಗುಗೋಸ್ಕರ ಕಟ್ಕೊ. ಬೇಗ ಹೋಗು. ಆದರೆ ನನ್ನ ಅಕ್ಕ ಅನ್ನೋದು ಬಿಡಬೇಡ, ಕೂಸೇ."

ಬಿಡುವುದಾದರೂ ಹೇಗೆ?

ಏಪ್ರಿಲ್ 7, ಸೋಮವಾರ

ಕಷ್ಟ. ನನಗಿಂತ ದೊಡ್ಡವರಿಗೆ ಕೂತ್ಕೊಳ್ಳಿ, ಏಳಿ ಎನ್ನಬೇಕು. ಅನ್ನಲಾಗದೆ ಕೈ ಸನ್ನೆ ಮಾಡುತ್ತೇನೆ. "ಮೂಗಿ ಈಗ ಮೂಗಿ ಸಾಹೇಬ" ಎಂದು ನೂಲುವ ಸಾಲಿನವರು ನಗುತ್ತಾರೆ. ಅಕ್ಕನ ಪಕ್ಕ ಕೂರುವಂತಿಲ್ಲ, ಓಡಾಡುತ್ತಿರಬೇಕು. ಕಾಲು ನೋಯುತ್ತದೆ. ನಾವು ಮೊದಲು ಸೀಟಿಯ ಬೆನ್ನ ಹಿಂದೆ ಏನೇನು ಮಾಡುತ್ತಿದ್ದೆವೋ ಅದೆಲ್ಲ ಈಗ ನನ್ನ ಬೆನ್ನ ಹಿಂದೆ ನಡೆಯುತ್ತದೆ. ಗೊತ್ತಾಗುತ್ತದೆ. ನಾನೂ ಮಾಡಿದ್ದೇ ಅಲ್ಲವೇ.

ಏಪ್ರಿಲ್ 16, ಬುಧವಾರ

ಇವತ್ತು ಒಂದು ವಿಷಯ ಕಂಡುಕೊಂಡೆ.

ಜಡೆ ಉಣ್ಣೆಯ ಬುಟ್ಟಿಯನ್ನು ಬೇಕೆಂದೇ ಒದ್ದಳು. ಉಣ್ಣೆಯೆಲ್ಲ ಕಸಕ್ಕೆ ಬಿತ್ತು. ನಾನು "ಯಾಕೆ ಹಾಗೆ ಮಾಡ್ತೀಯೇ" ಎಂದಿದ್ದರೆ ಅವಳು ಹತ್ತು ಮಾತಾಡುತ್ತಿದ್ದಳು. ನಾನು ಮೆಲ್ಲಗೆ, "ನೀವು ಹಿಂದಿನ ಸಾಲಿಗೆ ಹೋಗಿ" ಎಂದೆ. ಅಷ್ಟೇ. ಅವಳು ಬಾಯಿ ತೆರೆದಳು. ಎದ್ದು ಹೋದಳು.

ಕೂಗಬೇಕಾಗಿಲ್ಲ. ಬೈಯಬೇಕಾಗಿಲ್ಲ. ನಾಚಿಕೆಯವರಿಗೆಂದೇ ಮಾಡಿದ ಮಾತು ಇದು. "ನೀವು" ಎಂದರೆ ಎದುರಿಗಿದ್ದವರು ದೂರ ಹೋಗುತ್ತಾರೆ, ಅಲ್ಲೇ ನಿಲ್ಲುತ್ತಾರೆ. ಸೀಟಿಗೆ ಇದು ಗೊತ್ತಾಗಲಿಲ್ಲ, ಅವಳು ಬೆರಳು ಬಾಯಿಗಿಟ್ಟೇ ಕಾಲ ಕಳೆದಳು.

ಮೇ 11, ಭಾನುವಾರ

ಅಣ್ಣ ಬರಲಿಲ್ಲ. ಹುಡುಗರಿಗೆ ಜ್ವರವಂತೆ.

ನನ್ನ ಹಾಸಿಗೆಯೊಳಗೆ ಯಾರೋ ಮುಳ್ಳುಕಾಯಿ ತುಂಬಿದ್ದರು, ಉಣ್ಣೆಯಲ್ಲಿ ಸಿಗುವಂಥದ್ದು. ಕುಡಿಯುವ ನೀರಿನಲ್ಲಿ ಎಂಜಲು. ಯಾರು ಮಾಡಿದರೆಂದು ಕೇಳಿದೆ. ಎಲ್ಲರೂ ಒಟ್ಟಿಗೆ, ಹಾಡು ಹೇಳುವಂತೆ, "ನಮಗೆ ಗೊತ್ತಿಲ್ಲ ಅಮ್ಮನವರೇ" ಎಂದರು. ಇಡೀ ಶೆಡ್ಡು ಈಗ ನನ್ನನ್ನು ಅಮ್ಮನವರೇ ಎನ್ನುತ್ತದೆ. ಅನ್ನಲಿ. ಹುಕುಂ ಇರುವುದೇ ಹಾಗೆ.

ಮುಂದಿನ ಸಾಲಿಗೆಲ್ಲ ಈ ವಾರ ಮನೆಯವರ ಭೇಟಿ ಬೇಡವೆಂದು ಕಚೇರಿಯಲ್ಲಿ ಹೇಳಿದೆ. ಮೇಡಂ ಒಪ್ಪಿದರು. ಸೂಲಗಿತ್ತಿ ಮುಂದಿನ ಸಾಲಿನಲ್ಲಿದ್ದಾಳೆ. ಅವಳಿಗೆ ಹೇಗೂ ಯಾರೂ ಬರುವುದಿಲ್ಲ.

ಜೂನ್ 19, ಗುರುವಾರ

ಮಧ್ಯಾಹ್ನ ಜಡೆ ಮಗ್ಗದ ಹತ್ತಿರ ಸೊಂಟ ಹಿಡಿದು ಕೂತಳು. ಅವಳ ನಾಟಕ ನನಗೆ ಗೊತ್ತು. ವಾರ್ಡರಮ್ಮನಿಗೆ ಹೇಳಿ ಕಳಿಸಿದೆ. ನಿಯಮ ಇರುವುದೇ ಹಾಗೆ, ಮೊದಲು ವಾರ್ಡರು, ಆಮೇಲೆ ಆಸ್ಪತ್ರೆ. ಅಷ್ಟರಲ್ಲಿ ಸೂಲಗಿತ್ತಿ ಸಾಲು ಬಿಟ್ಟು ಎದ್ದಳು.

"ನೀವು ಕೂತ್ಕೊಳ್ಳಿ" ಎಂದೆ.

ಅವಳು ತನ್ನ ಹಿಂದೆ ತಿರುಗಿ ನೋಡಿದಳು, ಆ ಕಡೆ ಈ ಕಡೆ ನೋಡಿದಳು. "ಯಾರಿಗೆ ಹೇಳ್ತಿದೀಯ? ಇಲ್ಲಿ ನಾನು ಒಬ್ಬಳೇ ಇದೀನಿ."

"ನಿಮಗೇ. ಸಾಲು ಬಿಟ್ಟು ಏಳಬಾರದು."

"ಏ ಮೂಗಿ, ಅವಳಿಗೆ ನೋವು ಶುರುವಾಗಿದೆ ಕಣೇ. ದಿನ ತುಂಬಿಲ್ಲ. ಬೆನ್ನು ಒತ್ತಿ ಮಲಗಿಸಬೇಕು."

"ವಾರ್ಡರಮ್ಮ ಬರ್ತಾರೆ. ನೀವು ಕೂತ್ಕೊಳ್ಳಿ."

"ನನ್ನ ಲೇ ಅನ್ನು. ಮುದುಕಿ ಅನ್ನು. ಮುಂಡೇದೇ ಅನ್ನು, ಕೇಳಿಸ್ಕೋತೀನಿ. ಆ ಇನ್ನೊಂದನ್ನ ಅನ್ನಬೇಡ. ಮೈ ಉರಿಯುತ್ತೆ." ಹೀಗೆ ಹೇಳಿ ನನ್ನನ್ನು ಪಕ್ಕಕ್ಕೆ ತಳ್ಳಿ ಹೋದಳು. ಪಟ್ಟಿ ಇದ್ದ ತೋಳನ್ನೇ ತಳ್ಳಿದಳು. ಜಡೆಯನ್ನು ಉಣ್ಣೆಯ ರಾಶಿಯ ಮೇಲೆ ಎಡಮಗ್ಗುಲಾಗಿ ಮಲಗಿಸಿ, ವಾರ್ಡರಮ್ಮ ಬರುವವರೆಗೂ ಬೆನ್ನು ಒತ್ತುತ್ತಾ ಕೂತಿದ್ದಳು. ಇಡೀ ಶೆಡ್ಡು ಕೆಲಸ ಬಿಟ್ಟು ನೋಡಿತು. ಒಬ್ಬರು ಎದ್ದರೆ ಎಲ್ಲರೂ ಏಳುತ್ತಾರೆ. ಅದಕ್ಕೇ ನಿಯಮ ಇರುವುದು.

ಸಂಜೆ ಕಚೇರಿಯಲ್ಲಿ ನಡೆದದ್ದನ್ನು ನಡೆದಂತೆ ಹೇಳಿದೆ. ಒಂದು ಮಾತೂ ಹೆಚ್ಚಿಗೆ ಹೇಳಲಿಲ್ಲ.

ಜೂನ್ 21, ಶನಿವಾರ

ಜಡೆಗೆ ಹೆಣ್ಣು ಮಗು. ಆಸ್ಪತ್ರೆಯಲ್ಲಿ ಇಬ್ಬರೂ ಉಳಿದಿದ್ದಾರೆ. ಹೊತ್ತಿಗೆ ಸರಿಯಾಗಿ ಮಲಗಿಸಿದ್ದರಿಂದ ಉಳಿದದ್ದು ಎಂದರಂತೆ ಅಲ್ಲಿಯ ನರ್ಸು.

ಸೂಲಗಿತ್ತಿಯ ಮಾಫಿ ಪೂರ್ತಿ ರದ್ದಾಗಿದೆ. ಪಟ್ಟಿಯವರ ಮೈಮೇಲೆ ಕೈ ಮಾಡಿದ್ದಕ್ಕೆ. ಬರುವ ಚಳಿಗಾಲಕ್ಕೆ ಹೋಗಬೇಕಾಗಿದ್ದವಳು, ಇನ್ನೊಂದು ಚಳಿಗಾಲವನ್ನೂ ಇಲ್ಲೇ ಕಳೆಯಬೇಕು. ಅದು ಮೇಡಂ ಬರೆದದ್ದು, ನಾನಲ್ಲ. ನಾನು ನಡೆದದ್ದನ್ನಷ್ಟೇ ಹೇಳಿದೆ.

ಅದನ್ನು ಈಗಾಗಲೇ ಒಮ್ಮೆ ಬರೆದಿದ್ದೇನೆ.

ಜುಲೈ 6, ಭಾನುವಾರ

ಅಣ್ಣ ಬಂದಿದ್ದ, ಪುಟ್ಟಿಯೂ. ಎಷ್ಟು ಉದ್ದವಾಗಿದ್ದಾಳೆ! ಜಾಲರಿ ಹಿಡಿದು ಜೋತಾಡುತ್ತಿದ್ದಳು. ಜಾಲರಿ ಮುಟ್ಟಬಾರದೆಂಬ ನಿಯಮವಿದೆ.

"ಕೈ ತೆಗೀರಿ. ಹಿಂದೆ ಸರಿದು ನೆಟ್ಟಗೆ ನಿಂತ್ಕೊಳ್ಳಿ" ಎಂದೆ.

ತಕ್ಷಣ ಕೈ ತೆಗೆದಳು. ಎರಡೂ ಕೈ ಪಕ್ಕಕ್ಕಿಟ್ಟು ನೆಟ್ಟಗೆ ನಿಂತಳು. ಒಂದೇ ಮಾತಿಗೆ! ಅತ್ತಿಗೆಯ ಹುಡುಗರಾಗಿದ್ದರೆ ಹತ್ತು ಸಲ ಹೇಳಬೇಕಿತ್ತು. ಬುದ್ಧಿವಂತ ಮಗು.

ಅಣ್ಣ ನನ್ನನ್ನು ಹೇಗೋ ನೋಡಿದ. "ಏನಮ್ಮಾ ಇದು, ಮಗೂಗೆ ರೀ ಅಂತೀಯಾ?"

ಅವನಿಗೆ ಹುಕುಂ ವಿಷಯ ಗೊತ್ತಿಲ್ಲ. ವಿವರಿಸಿದೆ. ಹೊರಡುವಾಗ ಪುಟ್ಟಿಗೆ, "ಅತ್ತೆಗೆ ಟಾಟಾ ಮಾಡು" ಎಂದ. ಅವನೇ ಎಂದ.

ಆಗಸ್ಟ್ 13, ಬುಧವಾರ

ಜೈಲುಗಳನ್ನು ಸುಧಾರಿಸುವ ಸಮಿತಿಯವರು ಬಂದಿದ್ದರು. ಎರಡು ದಿನ ತೊಳೆದು ಬಳಿದು ಸಾಕಾಯಿತು. ಹಿರಿಯರೊಬ್ಬರು, ಕನ್ನಡಕದವರು, ಶೆಡ್ಡಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತು, "ಕೈದಿಯ ಮೇಲೆ ಕೈದಿಯನ್ನು ನಿಲ್ಲಿಸುವ ಪದ್ಧತಿ ಹಳೆಯದಾಯಿತು. ತೆಗೆದುಹಾಕಬೇಕು ಎಂದುಕೊಂಡಿದ್ದೇವೆ. ನೀವೆಲ್ಲ ಏನನ್ನುತ್ತೀರಿ?" ಎಂದರು.

ಪಟ್ಟಿ ತೆಗೆದರೆ ನನ್ನ ಮಾಫಿ ಏನಾಗಬೇಕು? ಪುಟ್ಟಿ ಏನಾಗಬೇಕು?

ನಾನು ಮುಂದೆ ಹೋಗಿ ಮಾತಾಡಿದೆ. ನಾನೇ. ಅಷ್ಟು ಜನರ ಮುಂದೆ. "ಸ್ವಾಮಿ, ಪಟ್ಟಿ ತೆಗೆಯಬಾರದು. ಇವರನ್ನು ಇವರ ಪಾಡಿಗೆ ಬಿಟ್ಟರೆ ಕೆಲಸ ನಡೆಯುವುದಿಲ್ಲ. ಒಬ್ಬರು ಎದ್ದರೆ ಎಲ್ಲರೂ ಏಳುತ್ತಾರೆ. ಇಂಥವರಿಗೆ ಒಳ್ಳೆಯ ಮಾತಿನಲ್ಲೇ ಹೇಳಬೇಕು, ಆದರೆ ಹೇಳುವವರು ಒಬ್ಬರು ಇರಲೇಬೇಕು." ಎಲ್ಲೂ ತಡವರಿಸಲಿಲ್ಲ. ಬರೆಯುವಾಗ ಆಗುವಷ್ಟು ತಪ್ಪೂ ಆಗಲಿಲ್ಲ.

ಕನ್ನಡಕದವರು ಮೇಡಂ ಕಡೆ ತಿರುಗಿ, "ಈಕೆ ಮೊದಲು ಹೇಗಿದ್ದರು?" ಎಂದು ಕೇಳಿದರು. ಮೇಡಂ, "ಮಾತೇ ಬರುತ್ತಿರಲಿಲ್ಲ" ಎಂದರು. ಅವರೆಲ್ಲ ತಲೆದೂಗಿದರು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಸೂಲಗಿತ್ತಿಯವರನ್ನು ಕೇಳಿದರು.

ಅವರು ಕೈಯಲ್ಲಿದ್ದ ಉಣ್ಣೆ ಕೆಳಗಿಡದೆ ಹೇಳಿದರು: "ಪಟ್ಟಿ ತೆಗೀರಿ, ಬಿಡಿ, ನಿಮ್ಮಿಷ್ಟ. ಇದು ತೆಗೆದ್ರೆ ಇನ್ನೊಂದು ತರ್ತೀರಿ, ನಾವು ನೋಡಿಲ್ವಾ? ನನ್ನದೊಂದೇ ಮಾತು. ಈ ಹುಡುಗಿನ ಮನೆಗೆ ಕಳಿಸಿಬಿಡಿ. ಇವತ್ತೇ ಕಳಿಸಿ. ಒಳ್ಳೆ ಹುಡುಗಿ ಇತ್ತು. ಕೆಟ್ಟು ಹೋಗ್ತಿದೆ, ಹಾಲು ಕೆಟ್ಟ ಹಾಗೆ."

ಯಾರೋ ಕಿಸಕ್ಕೆಂದರು. ಕನ್ನಡಕದವರಿಗೆ ಅರ್ಥವಾಗಲಿಲ್ಲ. ಪ್ರೀತಿಯಿಂದ ಹೇಳಿದ್ದೆಂದು ತಿಳಿದು, "ನೋಡಿ, ಇವರ ನಡುವೆ ಎಂಥ ವಿಶ್ವಾಸ" ಎಂದರು.

ನನಗೆ ಅರ್ಥವಾಯಿತು. ಎಲ್ಲರ ಮುಂದೆ ಹುಡುಗಿ ಎಂದರು, ಕೆಟ್ಟಿದ್ದಾಳೆ ಎಂದರು. ನನ್ನ ವಿಷಯ ಮಾತಾಡಲು ಅವರು ಯಾರು? ನನ್ನ ತಾಯಿಯೇ, ಅಕ್ಕನೇ?

ಸೆಪ್ಟೆಂಬರ್ 2, ಮಂಗಳವಾರ

ಸಮಿತಿಯ ಶಿಫಾರಸಿನಿಂದ ನನಗೆ ವಿಶೇಷ ಮಾಫಿ. ಮುಂದಿನ ತಿಂಗಳು ಬಿಡುಗಡೆ. ಪಟ್ಟಿಯ ವಿಷಯ ಇನ್ನೂ ಯೋಚಿಸುತ್ತಾರಂತೆ.

ಶೆಡ್ಡಿನಲ್ಲಿ ಈಗ ಸೊಳ್ಳೆ ಹಾರಿದರೂ ಕೇಳಿಸುತ್ತದೆ.

ಅಕ್ಟೋಬರ್ 20, ಸೋಮವಾರ

ಬಿಡುಗಡೆಯಾಯಿತು. ಅಣ್ಣನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಹೊರಡುವಾಗ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತೆ. ಪಟ್ಟಿ ಇರಲಿಲ್ಲ, ಬೆಳಗ್ಗೆಯೇ ಬಿಚ್ಚಿ ಕೊಟ್ಟಿದ್ದೆ. ಜಡೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನೂಲುತ್ತಿದ್ದಳು. ಸೂಲಗಿತ್ತಿಯವರು ಹಿಂಜುತ್ತಿದ್ದರು. ಯಾರಾದರೂ ಬಿಡುಗಡೆಯಾದರೆ ಮೊದಲೆಲ್ಲ ಬಾಗಿಲವರೆಗೆ ಓಡಿ ಬಂದು, ಹಾಳಾಗಿ ಹೋಗು, ಮತ್ತೆ ಮುಖ ತೋರಿಸಬೇಡ ಎಂದು ಬೈದು, ಅತ್ತು, ನೂಕಿ ಕಳಿಸುತ್ತಿದ್ದೆವು. ಇವತ್ತು ಯಾರೂ ತಲೆ ಎತ್ತಲಿಲ್ಲ. ಎಲ್ಲರ ಕೈಯೂ ಆಡುತ್ತಿತ್ತು. ಒಬ್ಬರೂ ಸಾಲು ಬಿಟ್ಟು ಏಳಲಿಲ್ಲ.

ಅಷ್ಟು ಶಿಸ್ತು ಬಂದಿದೆ. ನಾನು ಕಲಿಸಿದ್ದು.

ವಾರ್ಡರಮ್ಮ ಗೇಟಿನವರೆಗೆ ಬಂದಳು. "ನೀವು ಹುಷಾರಾಗಿ ಹೋಗಿ" ಎಂದಳು. ಅವಳಿಗೂ ರೂಢಿಯಾಗಿದೆ.

ಅಕ್ಟೋಬರ್ 23, ಗುರುವಾರ

ಅಮ್ಮ ಎಂದಳು! ಅಣ್ಣ ದಿನವೂ ಹೇಳಿಕೊಟ್ಟಿದ್ದನಂತೆ. ನಾನು ಅಂಗಳದಲ್ಲಿ ಕೂತಿದ್ದೆ. ಪುಟ್ಟಿ ಬಂದು ಸ್ವಲ್ಪ ದೂರದಲ್ಲಿ ನಿಂತು ಕೇಳಿದಳು, "ಅಮ್ಮ, ನೀವು ನೀರು ಕುಡೀತೀರಾ?"

ಕುಡಿಯುತ್ತೇನೆ ಎಂದೆ. ತಂದು ಕೊಟ್ಟಳು, ಒಂದು ಹನಿ ಚೆಲ್ಲದೆ.

ಆಮೇಲೆ ಅಡುಗೆಮನೆಯಿಂದ ಕೇಳಿಸಿತು, ಅತ್ತಿಗೆಗೆ ಹೇಳುತ್ತಿದ್ದಳು: "ಅಮ್ಮಾ, ನೀ ಬಾರೇ ಇಲ್ಲಿ, ನನ್ನ ಎತ್ಕೊಳ್ಳೇ."

ಮರ್ಯಾದೆ ಕಲಿತ ಮಗು. ಹಿರಿಯರಿಗೆ ನೀವು ಎನ್ನುವುದು ಒಳ್ಳೆಯದೇ. ಊಟ ಯಾಕೋ ಸೇರಲಿಲ್ಲ.

ನವೆಂಬರ್ 2, ಭಾನುವಾರ

ಅತ್ತಿಗೆಗೂ ನನಗೂ ಮಾತಾಯಿತು. ಊಟಕ್ಕೆ ಮೂವರು ಮಕ್ಕಳನ್ನೂ ಗೋಡೆಗೆ ಸಾಲಾಗಿ ಕೂರಿಸಿದ್ದೆ, ಮಾತಾಡದೆ ಉಣ್ಣಿ ಎಂದಿದ್ದೆ. ತಪ್ಪೇನು?

"ಇದು ಮನೆ ಕಣೇ" ಎಂದಳು ಅತ್ತಿಗೆ. "ನನ್ನ ಹುಡುಗರು ಉಣ್ಣುವಾಗ ಕಿತ್ತಾಡ್ತಾರೆ, ಕಿತ್ತಾಡ್ಲಿ. ನಿನ್ನ ಮಗಳು ನಿನ್ನ ಹೆಜ್ಜೆ ಸದ್ದಾದ್ರೆ ಗೋಡೆಗೆ ಅಂಟ್ಕೋತಾಳೆ. ನಾನೇ ಕಿತ್ಕೊಂಡೆ ಅಂತ ತಾನೇ ನಿನ್ನ ಸಿಟ್ಟು? ತಗೊಂಡು ಹೋಗು. ಎತ್ಕೊ ನೋಡೋಣ ಒಂದ್ಸಲ. ಬಂದು ಇಷ್ಟು ದಿನ ಆಯ್ತು, ಒಂದ್ಸಲ ಎತ್ಕೊಂಡಿದೀಯಾ?"

"ನೀವು ನನ್ನ ಮಗಳ ವಿಷಯಕ್ಕೆ ಬರಬೇಡಿ" ಎಂದೆ.

ನಾನು ಅವಳನ್ನು ಮೊದಲಿನಿಂದಲೂ ನೀನು ಎನ್ನುತ್ತಿದ್ದೆ. ಒಂದೇ ಬಾವಿಯಲ್ಲಿ ನೀರು ಸೇದಿದವರು ನಾವು, ಮದುವೆಗೆ ಮುಂಚೆಯಿಂದ. ಅವಳ ಮುಖ ಹೇಗೋ ಆಯಿತು. ಆ ಮುಖ ನನಗೆ ಗೊತ್ತು, ಶೆಡ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಅದನ್ನು ಕಂಡರೆ ಕೆಲಸ ಆಯಿತೆಂದು ಮುಂದೆ ಹೋಗುತ್ತಿದ್ದೆ. ಇಲ್ಲಿ ಮುಂದೆ ಹೋಗಲು ಜಾಗವಿಲ್ಲ. ಇರುವುದು ಎರಡೇ ಕೋಣೆ.

ನವೆಂಬರ್ 6, ಗುರುವಾರ

ಇವತ್ತು ಬೆಳಗ್ಗೆ ಪುಟ್ಟಿ ತುಂಬಿದ ಕೊಡಪಾನವನ್ನು ಅಡುಗೆಮನೆಗೆ ಎಳೆದುಕೊಂಡು ಹೋಗುತ್ತಿದ್ದಳು. ಯಾರೂ ಹೇಳಿರಲಿಲ್ಲ. ಕೈ ಜಾರಿತು. ಕೊಡ ಉರುಳಿ ನೀರೆಲ್ಲ ನಡುಮನೆಗೆ ಹೋಯಿತು. ಅಣ್ಣನ ಹುಡುಗರು ಹೋ ಎಂದವರು, ನನ್ನನ್ನು ನೋಡಿ ಸುಮ್ಮನಾದರು. ಪುಟ್ಟಿ ಅಳಲಿಲ್ಲ. ತಾನಾಗಿಯೇ ಗೋಡೆಗೆ ಹೋಗಿ, ಬೆನ್ನು ಹಚ್ಚಿ, ಎರಡೂ ಕೈ ಪಕ್ಕಕ್ಕಿಟ್ಟು ನೆಟ್ಟಗೆ ನಿಂತಳು. ನನ್ನ ಬಾಯನ್ನೇ ನೋಡುತ್ತಿದ್ದಳು, ಏನು ಬರುತ್ತದೋ ಎಂದು.

ಬಾಯಿ ತೆರೆದೆ. ಏನೂ ಬರಲಿಲ್ಲ. ಬೈಯಲೂ ಬರಲಿಲ್ಲ, ಕರೆಯಲೂ ಬರಲಿಲ್ಲ.

ಒಲೆಯ ಹತ್ತಿರ ಹಂಡೆಯಿತ್ತು. ನಾನು ಹೋಗಿ ಚೊಂಬಿನಲ್ಲಿ ನೀರು ತುಂಬಿಕೊಂಡು ಬಂದು, ನಡುಮನೆಯಲ್ಲಿ ನಿಂತು, ಅವಳಂತೆಯೇ ನೆಲಕ್ಕೆ ಸುರಿದೆ. ಯಾಕೆಂದು ಕೇಳಿದರೆ ಗೊತ್ತಿಲ್ಲ.

"ಅಯ್ಯೋ, ಇವಳಿಗೇನು ಬಂತೇ!" ಎಂದು ಅತ್ತಿಗೆ ಪೊರಕೆ ಹಿಡಿದು ಓಡಿ ಬಂದಳು.

ನೀರು ಗೋಡೆಯವರೆಗೂ ಹರಿದು ಪುಟ್ಟಿಯ ಬೆರಳು ಮುಟ್ಟಿತು. ಅವಳು ನನ್ನ ಬಾಯಿ ನೋಡುವುದನ್ನು ಬಿಟ್ಟು ಕೆಳಗೆ ನೋಡಿದಳು. ಒಂದು ಕಾಲು ಎತ್ತಿದಳು. ನಾನು ಹೋಗಿ ಇನ್ನೊಂದು ಚೊಂಬು ತುಂಬಿಕೊಂಡೆ.